ಹಾವೇರಿಯಿಂದ ಡಲ್ಲಾಸ್‌ಗೆ ಬರುವವರಿಗೆ ಸಾರ್ವಜನಿಕ ಆರೋಗ್ಯದ ಕೆಲಸಕ್ಕೆ ಲೈಸೆನ್ಸ್ ಬೇಕಾ?

ತಂಗಿ, ನಿನ್ನ ಪ್ರಶ್ನೆ ಇಷ್ಟು ಅಲ್ವಾ? ಧಾರವಾಡದಲ್ಲಿ ಬಿಎಸ್ಸಿ, ಆಮೇಲೆ ಗದಗಿನಲ್ಲಿ ಎಂಪಿಎಚ್ (ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ) ಮುಗಿಸಿದ್ದೀಯ. ಹಾವೇರಿ ಜಿಲ್ಲೆಯಲ್ಲಿ ಡೆಂಗಿ ಸರ್ವೆ, ನೀರಿನ ಸ್ಯಾಂಪಲ್ ಅಂತ ಓಡಾಡಿದ್ದೀಯ. ಈಗ ನಿಮ್ಮ ಯಜಮಾನರಿಗೆ ಟೆಕ್ಸಾಸ್ ರಾಜ್ಯದ ಡಲ್ಲಾಸ್‌ನಲ್ಲಿ ಕೆಲಸ ಸಿಕ್ಕಿದೆ. ಹುಬ್ಬಳ್ಳಿಯ ಏಜೆಂಟ್ ಹೇಳಿದ 'ಅಮೆರಿಕನ್ ಲೈಸೆನ್ಸ್' ಕೋರ್ಸ್‌ಗೆ ದುಡ್ಡು ಕಟ್ಟಬೇಕಾ ಅಂತ ಕೇಳಿದ್ದೀಯ.

ಕಟ್ಟಬೇಡ. ಇಡೀ ದೇಶಕ್ಕೆ ಒಂದೇ ಲೈಸೆನ್ಸ್ ಅಂತ ಇಲ್ಲಿಲ್ಲ. ಕೊಡುವುದು ಆಯಾ ರಾಜ್ಯ, ಅದೂ ಕೆಲಸ ನೋಡಿ. ರೋಗದ ಲೆಕ್ಕ ನೋಡುವ ಎಪಿಡೆಮಿಯಾಲಜಿಸ್ಟ್, ಡೇಟಾ ಅನಲಿಸ್ಟ್ ಕೆಲಸಗಳಿಗೆ ಸಾಮಾನ್ಯವಾಗಿ ಲೈಸೆನ್ಸೇ ಕೇಳುವುದಿಲ್ಲ. ಸಿಪಿಎಚ್ (ಸರ್ಟಿಫೈಡ್ ಇನ್ ಪಬ್ಲಿಕ್ ಹೆಲ್ತ್) ಸರ್ಟಿಫಿಕೇಟ್ ಇದ್ದರೆ ಒಳ್ಳೆಯದು, ಆದರೆ ಅದು ಲೈಸೆನ್ಸ್ ಅಲ್ಲ.

ನಮ್ಮ ಹೆಲ್ತ್ ಇನ್ಸ್‌ಪೆಕ್ಟರ್ ತರಹದ ಕೆಲಸದ ಕಥೆ ಬೇರೆ. ಹೋಟೆಲ್ ತಪಾಸಣೆ, ಕೊಳಚೆ ನೀರು, ಈಜುಕೊಳ ಇತ್ಯಾದಿ. ಟೆಕ್ಸಾಸ್‌ನಲ್ಲಿ 'ರಿಜಿಸ್ಟರ್ಡ್ ಸ್ಯಾನಿಟೇರಿಯನ್' (ನೋಂದಾಯಿತ ನೈರ್ಮಲ್ಯ ತಪಾಸಕಿ) ಆಗಲು ಡಿಗ್ರಿ, ಅದರಲ್ಲಿ 30 ಕ್ರೆಡಿಟ್‌ನಷ್ಟು ವಿಜ್ಞಾನ, 2 ವರ್ಷದ ಅನುಭವ, ಮೇಲೆ ಪರೀಕ್ಷೆ. ಅನುಭವ ಸಾಲದವರಿಗೆ ಟ್ರೈನಿಯಾಗಿ ಸೇರುವ ದಾರಿಯೂ ಇದೆ. ಕ್ಯಾಲಿಫೋರ್ನಿಯಾದ್ದು ಬೇರೆಯದೇ ನೋಂದಣಿ. ನ್ಯೂಜೆರ್ಸಿಯಲ್ಲಂತೂ ಊರಿನ ಆರೋಗ್ಯ ಇಲಾಖೆ ನಡೆಸುವ ಹೆಲ್ತ್ ಆಫೀಸರ್‌ಗೂ ಲೈಸೆನ್ಸ್ ಬೇಕು. ನಾಳೆ ಯಜಮಾನರು ಕೆಲಸ ಬದಲಿಸಿ ಬೇರೆ ರಾಜ್ಯಕ್ಕೆ ಹೊರಟರೆ ನೀನು ಮತ್ತೆ ಅರ್ಜಿ ಹಾಕಬೇಕು.

ಆಶಾ ಕಾರ್ಯಕರ್ತೆಯರಂತೆ ಮನೆಮನೆಗೆ ಹೋಗುವ ಕಮ್ಯುನಿಟಿ ಹೆಲ್ತ್ ವರ್ಕರ್‌ಗಳೂ ಇದ್ದಾರೆ. ಟೆಕ್ಸಾಸ್‌ನಲ್ಲಿ ಸಂಬಳಕ್ಕೆ ಆ ಕೆಲಸ ಮಾಡಲು ರಾಜ್ಯದ ಸರ್ಟಿಫಿಕೇಟ್ ಬೇಕು, 160 ಗಂಟೆಯ ತರಬೇತಿ. ಸ್ಪ್ಯಾನಿಷ್ ಬಂದವರಿಗೆ ಇಲ್ಲಿ ಬೇಡಿಕೆ ಜಾಸ್ತಿ. ನನ್ನನ್ನು ಕೇಳಿದರೆ, ಏಜೆಂಟ್‌ಗೆ ಕೊಡುವ ದುಡ್ಡಲ್ಲಿ ಸ್ಪ್ಯಾನಿಷ್ ಕಲಿ.

ನೀನು ಕೇಳದೆ ಬಿಟ್ಟ ವಿಷಯವೇ ದೊಡ್ಡದು. ಎಚ್-4 ವೀಸಾದಲ್ಲಿ (ಎಚ್-1ಬಿ ಕೆಲಸದ ವೀಸಾದವರ ಹೆಂಡತಿಗೆ ಕೊಡುವುದು) ಬಂದರೆ ಲೈಸೆನ್ಸ್ ಕೈಯಲ್ಲಿದ್ದರೂ ಕೆಲಸ ಮಾಡುವಂತಿಲ್ಲ. ಅದಕ್ಕೆ ಇಎಡಿ, ಅಂದರೆ ಕೆಲಸ ಮಾಡಲು ಸರ್ಕಾರದ ಅನುಮತಿ ಪತ್ರ, ಬೇಕು. ಸಾಮಾನ್ಯವಾಗಿ ಯಜಮಾನರ ಗ್ರೀನ್‌ಕಾರ್ಡ್ ಅರ್ಜಿಯಲ್ಲಿ ಐ-140 (ಅವರ ಪರವಾಗಿ ಕಂಪನಿ ಹಾಕುವ ಅರ್ಜಿ) ಒಪ್ಪಿಗೆ ಆದ ಮೇಲೆ ಅದು ಸಿಗುತ್ತದೆ. ಅವರ ಕಂಪನಿ ಆ ಅರ್ಜಿ ಯಾವಾಗ ಹಾಕುತ್ತದೆ ಅಂತ ಈಗಲೇ ಕೇಳಿಸು. ಸಂಕೋಚ ಬೇಡ.

ಅಷ್ಟರೊಳಗೆ ಊರಲ್ಲೇ ಆಗುವ ಕೆಲಸ ಮುಗಿಸು. ಎರಡೂ ಯೂನಿವರ್ಸಿಟಿಯಿಂದ ಸೀಲ್ ಮಾಡಿದ ಟ್ರಾನ್ಸ್‌ಕ್ರಿಪ್ಟ್ ತೆಗೆಸು. ನಮ್ಮ 3 ವರ್ಷದ ಬಿಎಸ್ಸಿಯನ್ನು ಇಲ್ಲಿನ 4 ವರ್ಷದ ಡಿಗ್ರಿಗೆ ಸಮ ಅಂತ ಎಲ್ಲರೂ ಒಪ್ಪುವುದಿಲ್ಲ, ಹಾಗಾಗಿ ಎಂಪಿಎಚ್ ಕಾಗದವೂ ಜೊತೆಗಿರಲಿ. ಆಫೀಸಿನಿಂದ ಅನುಭವ ಪತ್ರ ಬರೆಸುವಾಗ ಸುಮ್ನೆ 'ತೃಪ್ತಿಕರವಾಗಿ ಕೆಲಸ ಮಾಡಿದ್ದಾರೆ' ಅಂತ ಬರೆದು ಕೊಟ್ಟರೆ ಒಪ್ಪಬೇಡ. ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಏನೇನು ಪರೀಕ್ಷೆ ಮಾಡಿದೆ, ವಾರಕ್ಕೆ ಎಷ್ಟು ಗಂಟೆ, ಎಲ್ಲ ಇಂಗ್ಲಿಷಿನಲ್ಲಿ ಬರೆಸಿ ಸಹಿ, ಸೀಲ್ ಹಾಕಿಸಿಕೊಂಡೇ ಬಾ.