ಪ್ರಾಡೋದಲ್ಲಿ ರೆಂಬ್ರಾಂಟ್ ಒಂದೇ ಏಕೆ?

ಮಾನ್ಯರೇ,

ಮ್ಯಾಡ್ರಿಡ್‌ನ ಪ್ರಾಡೋ ಸಂಗ್ರಹಾಲಯವನ್ನು ಕುರಿತ ನಮ್ಮ ಲೇಖನವನ್ನು ಓದಿ ತಾವು ಎರಡು ಪ್ರಶ್ನೆಗಳನ್ನು ಎತ್ತಿದ್ದೀರಿ. ಇಷ್ಟು ದೊಡ್ಡ ಸಂಗ್ರಹದಲ್ಲಿ ಡಚ್ ಕಲಾವಿದ ರೆಂಬ್ರಾಂಟ್‌ನ ಚಿತ್ರ ಒಂದೇ ಒಂದು ಇರುವುದೇಕೆ? ಯುದ್ಧದಲ್ಲಿ ದೋಚಿ ತಂದ ಕೃತಿಗಳು ಇಲ್ಲಿಯೂ ಇವೆಯೇ? ಈ ಎರಡಕ್ಕೂ ಉತ್ತರ ಬಹುಮಟ್ಟಿಗೆ ಸ್ಪೇನಿನ ವಿರುದ್ಧ ಡಚ್ಚರು ಎದ್ದ ದಂಗೆಯಲ್ಲಿದೆ.

1819ರಲ್ಲಿ 311 ಚಿತ್ರಗಳೊಡನೆ ಬಾಗಿಲು ತೆರೆದಾಗ ಪ್ರಾಡೋ ಏಳನೇ ಫರ್ಡಿನೆಂಡ್ ದೊರೆಯ ಸ್ವತ್ತಾಗಿತ್ತು. ಅದು ರಾಷ್ಟ್ರದ ಆಸ್ತಿಯಾದದ್ದು 1868ರ ಕ್ರಾಂತಿಯ ನಂತರ. ಆದ್ದರಿಂದ ಅರಮನೆಗೆ ಯಾವ ಕಲಾವಿದರು ಬೇಕಾಗಿದ್ದರೋ ಅವರ ಚಿತ್ರಗಳೇ ಇಲ್ಲಿ ರಾಶಿಬಿದ್ದಿವೆ. ಸ್ಪೇನನ್ನು ಆಳಿದ ಐದನೇ ಚಾರ್ಲ್ಸ್ ಮತ್ತು ಅವನ ಮಗ ಎರಡನೇ ಫಿಲಿಪ್ ಇಬ್ಬರೂ ವೆನಿಸ್‌ನ ಟಿಷಿಯನ್‌ನಿಂದ ಚಿತ್ರಗಳನ್ನು ಬರೆಸಿಕೊಂಡರು. ಫ್ಲಾಂಡರ್ಸ್ (ಈಗಿನ ಬೆಲ್ಜಿಯಂನ ಭಾಗ) ಸ್ಪೇನಿನ ಆಳ್ವಿಕೆಯಲ್ಲೇ ಉಳಿದಿದ್ದರಿಂದ ಅಲ್ಲಿನ ಕಲಾವಿದ ರೂಬೆನ್ಸ್‌ನ ಕೃತಿಗಳಿಗೂ ಕೊರತೆಯಿಲ್ಲ. 1623ರಿಂದ ಸಾಯುವವರೆಗೂ ನಾಲ್ಕನೇ ಫಿಲಿಪ್‌ನ ಆಸ್ಥಾನದಲ್ಲಿದ್ದ ವೆಲಾಸ್ಕೆಸ್‌ನನ್ನಂತೂ ಪ್ರಾಡೋಗೆ ಹೋಗದೆ ಸರಿಯಾಗಿ ಅರಿಯಲಾಗದು ಎಂಬುದು ನಮ್ಮ ಅಭಿಪ್ರಾಯ. ರೆಂಬ್ರಾಂಟ್ ಶತ್ರುನಾಡಿನವನು; ಡಚ್ ಗಣರಾಜ್ಯದ ಸ್ವಾತಂತ್ರ್ಯವನ್ನು ಸ್ಪೇನ್ ಒಪ್ಪಿಕೊಂಡ 1648ರ ಹೊತ್ತಿಗೆ ಅವನಿಗೆ ನಲವತ್ತು ದಾಟಿತ್ತು. ಅವನು 1634ರಲ್ಲಿ ಬರೆದ, ಈಗ ಬೈಬಲ್ ಕಥೆಯ ನಾಯಕಿ ಜೂಡಿತ್‌ಳದೆಂದು ಗುರುತಿಸಲಾಗಿರುವ ಚಿತ್ರವನ್ನು ಮೂರನೇ ಚಾರ್ಲ್ಸ್ ಕೊಂಡದ್ದು 1769ರಲ್ಲಿ, ಅಂದರೆ ಕಲಾವಿದ ತೀರಿಕೊಂಡು ನೂರು ವರ್ಷಗಳಾದ ಮೇಲೆ.

ಇನ್ನು ಕೊಳ್ಳೆಯ ಮಾತು. ಪ್ರಾಡೋದಲ್ಲಿ ಸದಾ ಜನ ಮುತ್ತಿಕೊಂಡಿರುವ, ಹಿರೋನಿಮಸ್ ಬಾಷ್‌ನ ಮೂರು ಹಲಗೆಗಳ ‘ಐಹಿಕ ಸುಖಗಳ ಉದ್ಯಾನ’ ಬ್ರಸೆಲ್ಸ್‌ನಲ್ಲಿ ನಸ್ಸೌ ಮನೆತನದ ಅರಮನೆಯಲ್ಲಿತ್ತು. ಆ ಮನೆತನದವನೇ ಆದ, ಡಚ್ ದಂಗೆಯ ನಾಯಕ ಆರೆಂಜ್‌ನ ವಿಲಿಯಂನ ಆಸ್ತಿಯನ್ನು 1568ರಲ್ಲಿ ಸ್ಪೇನಿನ ಸೇನಾಪತಿ ಆಲ್ಬಾದ ಡ್ಯೂಕ್ ಮುಟ್ಟುಗೋಲು ಹಾಕಿಕೊಂಡಾಗ ಆ ಚಿತ್ರವೂ ಡ್ಯೂಕನ ಪಾಲಾಯಿತು. ಡ್ಯೂಕನ ಮಗ ಸತ್ತ ಬಳಿಕ ಅವನ ಸ್ವತ್ತಿನಿಂದ ಎರಡನೇ ಫಿಲಿಪ್ ಅದನ್ನು ಹಣ ತೆತ್ತು ಕೊಂಡು, 1593ರಲ್ಲಿ ಮ್ಯಾಡ್ರಿಡ್ ಬಳಿಯ ಎಸ್ಕೋರಿಯಲ್ ಮಠಕ್ಕೆ ಕೊಟ್ಟ. ದೊರೆಯ ಮಟ್ಟಿಗೆ ಅದು ಖರೀದಿ, ಮೂಲದಲ್ಲಿ ಕೊಳ್ಳೆಯೇ. ಬಲಗಡೆಯ ನರಕದ ಹಲಗೆಯಲ್ಲಿ ತಲೆಯ ಮೇಲೆ ಪಾತ್ರೆ ಕವುಚಿಕೊಂಡ ಹಕ್ಕಿಮೋರೆಯ ಜೀವಿಯೊಂದು ಎತ್ತರದ ಕುರ್ಚಿಯಲ್ಲಿ ಕುಳಿತು ಬೆತ್ತಲೆ ಮನುಷ್ಯನನ್ನು ನುಂಗುತ್ತಿದೆ. ಅತಿ ಧರ್ಮನಿಷ್ಠನೆನಿಸಿದ ದೊರೆ ಇಂಥದ್ದನ್ನು ಆಸೆಪಟ್ಟು ತರಿಸಿಕೊಂಡನೆಂಬುದು ನಮಗಂತೂ ಸೋಜಿಗ.

ಇಂಗ್ಲೆಂಡಿನಿಂದ ಬಂದ ಚಿತ್ರಗಳ ಕಥೆ ಬೇರೆ. 1649ರಲ್ಲಿ ಅಲ್ಲಿನ ದೊರೆ ಒಂದನೇ ಚಾರ್ಲ್ಸ್‌ನ ಶಿರಚ್ಛೇದ ಮಾಡಿದವರು ಅವನ ಸಂಗ್ರಹವನ್ನು ಮಾರಾಟಕ್ಕಿಟ್ಟಾಗ ಸ್ಪೇನಿನ ರಾಯಭಾರಿ ಅದರಲ್ಲಿ ಕೆಲವನ್ನು ಸದ್ದಿಲ್ಲದೆ ಕೊಂಡುಕೊಂಡ. ಇಟಲಿಯ ಕಲಾವಿದ ಮಾಂತೆನ್ಯಾನ ‘ಕನ್ಯೆ ಮೇರಿಯ ಮರಣ’ ಮ್ಯಾಡ್ರಿಡ್ ಸೇರಿದ್ದು ಹೀಗೆ. ಅದನ್ನು ಕೊಳ್ಳೆ ಎನ್ನಲು ನಮಗೆ ಮನಸ್ಸಿಲ್ಲ.

ಆದರೆ ಸ್ಪೇನ್ ಸರ್ಕಾರ 1830ರ ದಶಕದಲ್ಲಿ ತನ್ನದೇ ದೇಶದ ಮಠಗಳನ್ನು ಮುಚ್ಚಿಸಿ ವಶಪಡಿಸಿಕೊಂಡ ಕೃತಿಗಳೂ ಪ್ರಾಡೋದಲ್ಲಿವೆಯೆಂಬುದನ್ನು ಮರೆಯಬಾರದು. ಅವುಗಳಿಗಾಗಿ ತೆರೆದಿದ್ದ ಟ್ರಿನಿದಾದ್ ಸಂಗ್ರಹಾಲಯವನ್ನು 1872ರಲ್ಲಿ ಪ್ರಾಡೋದೊಡನೆ ವಿಲೀನಗೊಳಿಸಲಾಯಿತು. ಸ್ಪೇನಿನಲ್ಲಿ ನೆಲೆಸಿದ್ದ ಕಲಾವಿದ ಎಲ್ ಗ್ರೆಕೋನ ದೊಡ್ಡ ಬಲಿಪೀಠ ಚಿತ್ರಗಳಲ್ಲಿ ಕೆಲವು ಆ ದಾರಿಯಿಂದಲೇ ಬಂದವು.

— ಸಂಪಾದಕ