ಓದುಗರ ಪ್ರಶ್ನೆ: ಯೀಸ್ಟ್ ಕೈಲಿ ಇನ್ಸುಲಿನ್ ಮಾಡಿಸುವುದು ಹೇಗೆ?

ಪ್ರಶ್ನೆ: ನನಗೆ ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ. ದಿನಾ ಇನ್ಸುಲಿನ್ ಚುಚ್ಚಿಕೊಳ್ಳುತ್ತೇನೆ. ನಾವು ಮಾಂಸ ತಿನ್ನದವರು. ಅದನ್ನು ಹಂದಿ, ದನದಿಂದ ತೆಗೆಯುತ್ತಾರೆ ಅಂತ ಸಂಬಂಧಿಕರೊಬ್ಬರು ಹೇಳಿದಾಗಿನಿಂದ ಮನಸ್ಸಿಗೆ ಕಸಿವಿಸಿ. ನಿಜವೇ?
(ನಿವೃತ್ತ ಶಿಕ್ಷಕಿ, ಹಾಸನ)

ಉತ್ತರ: ಮೊದಲೇ ಒಂದು ಮಾತು ಮೇಡಂ, ಇಂಥ ಅನುಮಾನಕ್ಕೆ ಯಾವತ್ತೂ ಇನ್ಸುಲಿನ್ ನಿಲ್ಲಿಸಬೇಡಿ. ಅವರು ಹೇಳಿದ್ದು ಸುಳ್ಳಲ್ಲ, ಆದರೆ ಅದು ಹಳೇ ಕಾಲದ್ದು. 1921ರಲ್ಲಿ ಕೆನಡಾದ ಟೊರಾಂಟೊದಲ್ಲಿ ಬ್ಯಾಂಟಿಂಗ್, ಬೆಸ್ಟ್ ಮತ್ತು ಅವರ ಜೊತೆಗಾರರು ಪ್ರಾಣಿಗಳ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ತೆಗೆದರು. ಮರುವರ್ಷ ಜನವರಿಯಲ್ಲಿ ಅದನ್ನು 14 ವರ್ಷದ ಹುಡುಗನೊಬ್ಬನಿಗೆ ಕೊಟ್ಟರು. ಅಲ್ಲಿಂದ ಸುಮಾರು 60 ವರ್ಷ ಜಗತ್ತು ನೆಚ್ಚಿಕೊಂಡಿದ್ದು ಕಸಾಯಿಖಾನೆಯನ್ನೇ. ಕಾಲು ಕಿಲೋಗಿಂತ ಕಮ್ಮಿ ಇನ್ಸುಲಿನ್ ಸಿಗಬೇಕಾದರೆ ಸುಮಾರು ಎರಡು ಟನ್ ಹಂದಿ ಗ್ರಂಥಿ ಬೇಕಾಗುತ್ತಿತ್ತು.

1978ರಲ್ಲಿ ಅಮೆರಿಕದ ಜೆನೆನ್‌ಟೆಕ್ ಕಂಪನಿಯವರು ಮನುಷ್ಯನ ಇನ್ಸುಲಿನ್ ಮಾಡುವ ಜೀನನ್ನು ಇ. ಕೋಲೈ ಅನ್ನುವ ಬ್ಯಾಕ್ಟೀರಿಯಾದೊಳಗೆ ಸೇರಿಸಿ, ಅದರ ಕೈಲೇ ಇನ್ಸುಲಿನ್ ಮಾಡಿಸಿದರು. 1982ರಲ್ಲಿ ಅದು ಅಂಗಡಿಗೆ ಬರಲು ಅನುಮತಿ ಸಿಕ್ಕಿತು. ಈಗ ಸಿಗುವುದು ಬಹುಪಾಲು ಹೀಗೆ ಬ್ಯಾಕ್ಟೀರಿಯಾ ಅಥವಾ ಯೀಸ್ಟ್‌ನಿಂದ ಬಂದದ್ದೇ. ಬಾಟಲಿ ಮೇಲೆ ‘ಆರ್‌ಡಿಎನ್‌ಎ’ ಅಂತ ಬರೆದಿದ್ದರೆ ಅದರ ಅರ್ಥ ಇದೇ.

ಇದರಲ್ಲಿ ನಮ್ಮೂರಿನ ಪಾಲೂ ಇದೆ. 1978ರಲ್ಲೇ ಬೆಂಗಳೂರಿನ ಒಂದು ಗ್ಯಾರೇಜ್‌ನಲ್ಲಿ ಕಿರಣ್ ಮಜುಂದಾರ್ ಶುರು ಮಾಡಿದ ಬಯೋಕಾನ್, ಮೊದಲು ಪರಂಗಿ ಹಣ್ಣಿನ ಹಾಲಿನಿಂದ ಪಪೈನ್ ಎಂಬ ಕಿಣ್ವ ತೆಗೆಯುತ್ತಿತ್ತು. ಅದೇ ಕಂಪನಿ 2004ರಲ್ಲಿ ಪಿಕಿಯಾ ಅನ್ನುವ ಯೀಸ್ಟ್‌ನಿಂದ ಮಾಡಿದ ಮನುಷ್ಯ ಇನ್ಸುಲಿನ್ ಮಾರುಕಟ್ಟೆಗೆ ತಂದಿತು. ಯೀಸ್ಟೇ ಯಾಕೆ ಅಂದರೆ, ಇ. ಕೋಲೈ ತಾನು ಮಾಡಿದ್ದನ್ನು ಹೊಟ್ಟೆಯೊಳಗೇ ಗಂಟು ಕಟ್ಟಿ ಇಟ್ಟುಕೊಳ್ಳುತ್ತದೆ. ಅದನ್ನು ಒಡೆದು, ಕರಗಿಸಿ, ಮತ್ತೆ ಸರಿಯಾದ ಆಕಾರಕ್ಕೆ ಮಡಚಬೇಕು. ಪಿಕಿಯಾ ಹಾಗಲ್ಲ, ಹೊರಗಿನ ನೀರಿಗೇ ಬಿಡುತ್ತದೆ. ಒಟ್ಟಿನಲ್ಲಿ ನಿಮ್ಮ ಬಾಟಲಿ ಮೇಲೆ ‘ಆರ್‌ಡಿಎನ್‌ಎ’ ಅಂತ ಇದ್ದರೆ ಅದರಲ್ಲಿರುವುದು ಹಂದಿಯದಲ್ಲ, ಮನುಷ್ಯರ ಇನ್ಸುಲಿನ್ ಅಥವಾ ಅದನ್ನೇ ಸ್ವಲ್ಪ ತಿದ್ದಿದ ರೂಪ. ಸಮಾಧಾನವಾಗಿರಿ.

ಪ್ರಶ್ನೆ: ನಮ್ಮದು ದೋಸೆ ಹೋಟೆಲ್. ಹಿಟ್ಟು ರುಬ್ಬಿಟ್ಟರೆ ಬೆಳಗ್ಗೆ ತಾನಾಗೇ ಹುದುಗಿರುತ್ತದೆ. ಸೂಕ್ಷ್ಮಜೀವಿಗಳೇ ಎಲ್ಲಾ ಮಾಡುವಾಗ ಇದಕ್ಕೆ ಎಂಜಿನಿಯರ್ ಯಾಕೆ ಬೇಕು? ದೊಡ್ಡ ಟ್ಯಾಂಕ್ ಇಟ್ಟರೆ ಸಾಲದೇ?
(ದಾವಣಗೆರೆ)

ಉತ್ತರ: ಇಡೀ ವಿದ್ಯೆ ಇರುವುದೇ ನಿಮ್ಮ ಈ ಪ್ರಶ್ನೆಯಲ್ಲಿ. ದೋಸೆ ಹಿಟ್ಟಿನ ಬ್ಯಾಕ್ಟೀರಿಯಾಗೆ ಗಾಳಿ ಬೇಕಿಲ್ಲ, ಜೊತೆಗೆ ಅವು ಹಿಟ್ಟನ್ನು ಹುಳಿ ಮಾಡಿಕೊಂಡು ಬೇರೆಯವನ್ನು ದೂರ ಇಡುತ್ತವೆ. ಇನ್ಸುಲಿನ್ ಮಾಡುವ ಯೀಸ್ಟ್‌ಗೆ ಉಸಿರಾಡಲು ಆಮ್ಲಜನಕ ಬೇಕು, ಅದೂ ಬಹಳ. ಆದರೆ ಆಮ್ಲಜನಕ ನೀರಿನಲ್ಲಿ ಕರಗುವುದೇ ಕಷ್ಟ. ಒಂದು ಲೀಟರ್ ನೀರಿಗೆ ನೂರಾರು ಗ್ರಾಂ ಸಕ್ಕರೆ ಕರಗುತ್ತದೆ, ಗಾಳಿಯಲ್ಲಿರುವ ಆಮ್ಲಜನಕ ಮಾತ್ರ ಸುಮಾರು 8 ಮಿಲಿಗ್ರಾಂ! ದಟ್ಟವಾಗಿ ಬೆಳೆದ ಯೀಸ್ಟ್ ಅಷ್ಟನ್ನೂ ಅರ್ಧ ನಿಮಿಷದೊಳಗೆ ಮುಗಿಸಿಬಿಡಬಲ್ಲದು. ಅದಕ್ಕೇ ತಳದಿಂದ ಬಿಡುವಿಲ್ಲದೆ ಗಾಳಿ ಊದುತ್ತಾರೆ, ನಡುವೆ ತಿರುಗುವ ರೆಕ್ಕೆಗಳು ಗುಳ್ಳೆಗಳನ್ನು ಚೂರು ಚೂರು ಮಾಡುತ್ತವೆ, ಗುಳ್ಳೆ ಸಣ್ಣದಾದಷ್ಟೂ ಆಮ್ಲಜನಕ ಬೇಗ ನೀರಿಗಿಳಿಯುತ್ತದೆ. ಹಾಗಂತ ಸುಮ್ನೆ ಜೋರಾಗಿ ತಿರುಗಿಸಿದರೂ ಆಗದು, ನೊರೆ ಉಕ್ಕುತ್ತದೆ, ಕರೆಂಟ್ ಬಿಲ್ ಏರುತ್ತದೆ.

ಇನ್ನು ಬಿಸಿ. ಬೆಳೆಯುವ ಜೀವಿ ಬಿಸಿ ಹುಟ್ಟಿಸುತ್ತದೆ. ಒಂದು ಲೀಟರ್ ಪಾತ್ರೆಯನ್ನು ಉದ್ದ, ಅಗಲ, ಎತ್ತರ ಮೂರರಲ್ಲೂ ಹತ್ತು ಪಟ್ಟು ಹಿಗ್ಗಿಸಿ. ಒಳಗೆ ಹಿಡಿಯುವುದು ಸಾವಿರ ಪಟ್ಟು ಆಯಿತು, ಬಿಸಿ ಹೊರಹೋಗುವ ಗೋಡೆ ನೂರೇ ಪಟ್ಟು. ಅಂದರೆ ಪ್ರತಿ ಲೀಟರಿಗೆ ಸಿಗುವ ಗೋಡೆ ಹತ್ತನೇ ಒಂದು ಪಾಲು. ಸಣ್ಣ ಪಾತ್ರೆಯಲ್ಲಿ ತಾನಾಗೇ ಆರುತ್ತಿದ್ದದ್ದು ದೊಡ್ಡದರಲ್ಲಿ ಆರುವುದಿಲ್ಲ, ತಣ್ಣೀರಿನ ಕೊಳವೆ ಸುತ್ತಬೇಕು. ಪ್ರಯೋಗಾಲಯದಲ್ಲಿ ಚೆನ್ನಾಗಿ ಬಂದದ್ದು ಫ್ಯಾಕ್ಟರಿಯಲ್ಲಿ ಕೈಕೊಡುವುದು ಹೆಚ್ಚಾಗಿ ಇಂಥ ಕಡೆಯೇ.

ಮೂರನೆಯದು ಕಲಬೆರಕೆ. 20 ನಿಮಿಷಕ್ಕೊಮ್ಮೆ ಎರಡಾಗುವ ಒಂದೇ ಒಂದು ಬೇಡದ ಬ್ಯಾಕ್ಟೀರಿಯಾ ಒಳಗೆ ಸೇರಿದರೆ, ಆಹಾರ ಸಿಗುತ್ತಲೇ ಇದ್ದರೆ, ಹತ್ತು ಗಂಟೆಯಲ್ಲಿ ನೂರು ಕೋಟಿ ದಾಟುತ್ತದೆ. ಹಾಗಾಗಿ ಟ್ಯಾಂಕ್, ಪೈಪ್, ವಾಲ್ವ್ ಎಲ್ಲವನ್ನೂ 121 ಡಿಗ್ರಿ ಹಬೆಯಲ್ಲಿ ಬೇಯಿಸಿಯೇ ಶುರು ಮಾಡುತ್ತಾರೆ. ನೀವು ಹಳೇ ಹಿಟ್ಟನ್ನು ಹೊಸದಕ್ಕೆ ಬೆರೆಸುವ ಹಾಗೆ ಇವರೂ ಬೆರೆಸುತ್ತಾರೆ, ಆದರೆ ನಿನ್ನೆಯದನ್ನಲ್ಲ. ತೀರಾ ತಣ್ಣಗೆ ಗಡ್ಡೆಕಟ್ಟಿಸಿ ಕಾಪಾಡಿದ ಯೀಸ್ಟ್‌ನ ಒಂದು ಪುಟ್ಟ ಶೀಶೆಯಿಂದ ಪ್ರತಿ ಸಲ ಹೊಸದಾಗಿ ಶುರು, ಸಣ್ಣ ಫ್ಲಾಸ್ಕ್, ಆಮೇಲೆ ಸಣ್ಣ ಟ್ಯಾಂಕ್, ಆಮೇಲೆ ದೊಡ್ಡದು.

ಪ್ರಶ್ನೆ: ಟ್ಯಾಂಕಿನಲ್ಲಿ ತಯಾರಾದ ಮೇಲೆ ಸೋಸಿ ತುಂಬಿದರೆ ಆಯ್ತಲ್ವಾ? ಇಂಥ ಔಷಧಿಗಳು ಯಾಕೆ ಅಷ್ಟು ದುಬಾರಿ?
(ಔಷಧಿ ಅಂಗಡಿಯವರು, ಶಿರಸಿ)

ಉತ್ತರ: ಬೆಲೆಗೆ ಪೇಟೆಂಟ್, ವ್ಯಾಪಾರ ಅಂತ ಬೇರೆ ಕಾರಣಗಳೂ ಇವೆ. ಆದರೆ ಸೋಸುವುದೇ ದೊಡ್ಡ ಕೆಲಸ. ರಕ್ತಕ್ಕೆ ಹೋಗುವ ವಸ್ತುವಿನಲ್ಲಿ ಯೀಸ್ಟ್‌ನ ಬೇರೆ ಪ್ರೋಟೀನ್ ಉಳಿಯಬಾರದು. ಮೊದಲು ಗರಗರ ತಿರುಗಿಸಿ ಯೀಸ್ಟನ್ನು ಬೇರೆ ಮಾಡಬೇಕು, ಆಮೇಲೆ ಒಂದರ ಹಿಂದೆ ಒಂದು ಕೊಳವೆಗಳಲ್ಲಿ ಹಾಯಿಸಿ ಬೇಕಾದ್ದನ್ನು ಮಾತ್ರ ಹಿಡಿಯಬೇಕು. ಪ್ರತಿ ಹಂತದಲ್ಲೂ ಸ್ವಲ್ಪ ಕಳೆದುಹೋಗುತ್ತದೆ. ಆರು ಹಂತ, ಪ್ರತಿಯೊಂದರಲ್ಲೂ 100ಕ್ಕೆ 90 ಉಳಿಯಿತು ಅಂದುಕೊಳ್ಳಿ, ಕೊನೆಗೆ ಕೈಗೆ ಬರುವುದು 53. ಅದಕ್ಕೇ ಒಂದು ಹಂತ ಕಡಿಮೆ ಮಾಡಿದವರನ್ನು ಈ ಕೆಲಸದಲ್ಲಿ ತಲೆ ಮೇಲೆ ಹೊತ್ತುಕೊಳ್ಳುತ್ತಾರೆ.

ಪ್ರಶ್ನೆ: ಸರ್, ನಾನು ದ್ವಿತೀಯ ಪಿಯುಸಿ. ಬಯೋಟೆಕ್ನಾಲಜಿ ಓದುವ ಆಸೆ. ಗಣಿತ ಕಷ್ಟ, ಬಯಾಲಜಿ ಇಷ್ಟ. ಗಣಿತ ಬಿಟ್ಟರೆ ನಡೆಯುತ್ತದೆಯೇ?
(ವಿದ್ಯಾರ್ಥಿನಿ, ಚಿತ್ರದುರ್ಗ)

ಉತ್ತರ: ನೋಡಮ್ಮ, ಈ ದಾರಿ ಹಿಡಿಯುವುದಾದರೆ ಗಣಿತ ಬಿಡಬೇಡ. ಮೇಲಿನ ಉತ್ತರಗಳನ್ನೇ ಇನ್ನೊಮ್ಮೆ ಓದು, ಎಲ್ಲಾ ಲೆಕ್ಕವೇ. ಜೀವಿ ಎಷ್ಟು ಬೇಗ ಬೆಳೆಯುತ್ತದೆ, ಎಷ್ಟು ತಿನ್ನುತ್ತದೆ, ಎಷ್ಟು ಕೊಡುತ್ತದೆ, ಇಷ್ಟು ಗೊತ್ತಾದರೆ ಅರ್ಧ ವಿಷಯ ಕೈಗೆ ಬಂದ ಹಾಗೆ. ಮಾರ್ಗರೆಟ್ ಹಚಿನ್‌ಸನ್ ರೂಸೋ ಅನ್ನುವ ಹೆಣ್ಣುಮಗಳು 1937ರಲ್ಲಿ ಅಮೆರಿಕದ ಎಂಐಟಿಯಲ್ಲಿ ಕೆಮಿಕಲ್ ಎಂಜಿನಿಯರಿಂಗ್‌ನಲ್ಲಿ ಡಾಕ್ಟರೇಟ್ ಪಡೆದರು. 1940ರ ದಶಕದ ಶುರುವಿನಲ್ಲಿ ಪೆನ್ಸಿಲಿನ್ ಬೂಷ್ಟನ್ನು ತಟ್ಟೆ, ಬಾಟಲಿಗಳಲ್ಲಿ ತೆಳ್ಳಗೆ ಬೆಳೆಸುತ್ತಿದ್ದರು, ಸಿಗುತ್ತಿದ್ದುದು ಚಿಟಿಕೆಯಷ್ಟು. ಅದನ್ನು ಆಳವಾದ ಟ್ಯಾಂಕಿನಲ್ಲಿ, ಗಾಳಿ ಊದಿ ಬೆಳೆಸುವ ಮೊದಲ ಕಾರ್ಖಾನೆಯ ವಿನ್ಯಾಸ ಅವರದು. ಎರಡನೇ ಮಹಾಯುದ್ಧದ ಗಾಯಾಳುಗಳಿಗೆ ಪೆನ್ಸಿಲಿನ್ ತಲುಪಿದ್ದು ಇಂಥ ಟ್ಯಾಂಕುಗಳಿಂದ. ನಿನಗೆ ಈಗ ಅರ್ಥವಾಗದ ಲೆಕ್ಕ ಯಾವುದು ಅಂತ ಬರೆದು ಕಳಿಸು, ಮುಂದಿನ ಸಂಚಿಕೆಯಲ್ಲಿ ಅದನ್ನೇ ತೆಗೆದುಕೊಳ್ಳೋಣ.

ಪ್ರಶ್ನೆ: ನಮ್ಮಲ್ಲಿ ಬೇಸಿಗೆ ಕರೆಂಟ್ ಕಾಟ. ಇನ್ಸುಲಿನ್ ಹೇಗೆ ಇಡಬೇಕು?
(ಕಲಬುರಗಿ)

ಉತ್ತರ: ಇನ್ಸುಲಿನ್ ಒಂದು ಪುಟ್ಟ ಪ್ರೋಟೀನ್. ಬಿಸಿ ತಾಗಿದರೆ ಅದರ ಆಕಾರ ಕೆಡುತ್ತದೆ. ತೆರೆಯದ ಬಾಟಲಿ 2ರಿಂದ 8 ಡಿಗ್ರಿಯಲ್ಲಿ, ಫ್ರಿಜ್ಜಿನ ಕೆಳಭಾಗದಲ್ಲಿರಲಿ. ಫ್ರೀಜರಿನಲ್ಲಿ ಖಂಡಿತ ಬೇಡ, ಒಮ್ಮೆ ಗಡ್ಡೆಕಟ್ಟಿದ್ದನ್ನು ಕರಗಿಸಿ ಬಳಸಬಾರದು. ಕರೆಂಟ್ ಇಲ್ಲದಾಗ ನೆರಳಿನಲ್ಲಿ, ಒದ್ದೆ ಮಣ್ಣಿನ ಮಡಕೆಯೊಳಗೆ, ನೀರು ತಾಗದಂತೆ ಡಬ್ಬಿಯಲ್ಲಿಡಿ. ತೆರೆದದ್ದನ್ನು ಎಷ್ಟು ದಿನ ಬಳಸಬಹುದು ಅನ್ನುವುದು ಪೊಟ್ಟಣದೊಳಗಿನ ಚೀಟಿಯಲ್ಲಿರುತ್ತದೆ, ಬಹಳಷ್ಟಕ್ಕೆ ಸುಮಾರು ನಾಲ್ಕು ವಾರ.