ಕೂಸಿನ ಮುಖ ನಾನು ನೋಡಲೇ ಇಲ್ಲ

ಪ್ರಶ್ನೆ: ನನಗೆ 26 ವರ್ಷ. ಹಾಸನ ಜಿಲ್ಲೆ, ಆಲೂರು ಕಡೆಯವಳು. ಹಾಸನದ ಗಾರ್ಮೆಂಟ್ಸ್‌ನಲ್ಲಿ ಮೂರು ವರ್ಷದಿಂದ ಕೆಲಸ. ಚೊಚ್ಚಲ ಬಸಿರು. ಎಂಟು ತಿಂಗಳು ತುಂಬಿದ ಮೇಲೆ ಮಗು ಒದೆಯುವುದು ನಿಂತಿತು. ಸ್ಕ್ಯಾನಿಂಗ್ ಮಾಡಿ ಎದೆಬಡಿತ ಇಲ್ಲ ಎಂದರು. ಹೆಣ್ಣು ಮಗು. ನೋಡಿದರೆ ಸಂಕಟ ಜಾಸ್ತಿ ಅಂತ ನನಗೆ ತೋರಿಸಲೇ ಇಲ್ಲ. ಯಜಮಾನರು, ಮಾವ ತಗೊಂಡು ಹೋಗಿ ಮಣ್ಣು ಮಾಡಿ ಬಂದರು. ಏಳು ವಾರ ಆಯಿತು. ಗ್ರಹಣದ ದಿನ ತರಕಾರಿ ಹೆಚ್ಚಿದ್ದಕ್ಕೇ ಹೀಗಾಯಿತು ಅಂತಾರೆ ಅತ್ತೆ. ನಾನು ಹೆಣೆದಿದ್ದ ಕುಲಾವಿಯನ್ನೂ ಯಾರಿಗಾದರೂ ಕೊಟ್ಟುಬಿಡು ಅಂತಾರೆ. ಯಜಮಾನರು ಶುಂಠಿ ಹೊಲಕ್ಕೆ ಹೋದರೆ ರಾತ್ರಿಯೇ ಬರುವುದು, ಈ ಮಾತೇ ಎತ್ತುವುದಿಲ್ಲ. ಮಗುವೇ ಇಲ್ಲ, ಇನ್ನೆಂಥ ಹೆರಿಗೆ ರಜೆ ಅಂತ ಕೆಲಸಕ್ಕೂ ಕರೆಯುತ್ತಿದ್ದಾರೆ. ನಾನು ಯಾವಾಗ ಸರಿಹೋಗುತ್ತೇನೆ?

ಉತ್ತರ: ಮೊದಲು ಗ್ರಹಣದ ಮಾತು ಮುಗಿಸಿಬಿಡೋಣ. ನೀವು ತರಕಾರಿ ಹೆಚ್ಚಿದ್ದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಕಸ (ಮಾಸು) ಸರಿಯಾಗಿ ಕೆಲಸ ಮಾಡದಿದ್ದರೆ, ತಾಯಿಗೆ ಬಿಪಿ, ಶುಗರ್ ಏರಿದರೆ, ಸೋಂಕು ತಗುಲಿದರೆ, ಹೊಕ್ಕುಳಬಳ್ಳಿಗೆ ತೊಂದರೆಯಾದರೆ ಹೀಗಾಗಬಹುದು. ಎಷ್ಟೋ ಸಲ ಎಲ್ಲ ಪರೀಕ್ಷೆ ಮಾಡಿದರೂ ಕಾರಣ ಸಿಗುವುದಿಲ್ಲ. ಕಾರಣ ಸಿಗದಿದ್ದಾಗ ಮನೆಯವರು ಸೊಸೆಯ ಕೈಯಲ್ಲಿ ಒಂದು ಚಾಕು ಹುಡುಕುತ್ತಾರೆ. ಅತ್ತೆಗೂ ಮೊಮ್ಮಗಳು ಹೋದಳು, ಅದು ನಿಜ. ಆದರೂ ಆ ಮಾತನ್ನು ನೀವು ಹೊರಬೇಕಾಗಿಲ್ಲ.

ನೀವು ಬಾಣಂತಿ. ಇದನ್ನು ಮನೆಯಲ್ಲಿ ಎಲ್ಲರೂ ಮರೆತಂತಿದೆ. ತೊಟ್ಟಿಲು ಖಾಲಿ ಇದ್ದರೂ ಮೈಗೆ ಅದು ಗೊತ್ತಿಲ್ಲ. ಅದಕ್ಕೇ ಮೂರ್ನಾಲ್ಕು ದಿನಕ್ಕೆ ಎದೆಹಾಲು ಬರುತ್ತದೆ. ಆ ಹೊತ್ತಿನ ಸಂಕಟವನ್ನು ಎಷ್ಟೋ ತಾಯಂದಿರು ನನ್ನ ಹತ್ತಿರ ಹೇಳಿಕೊಂಡಿದ್ದಾರೆ. ಈಗಲೂ ಎದೆ ಗಟ್ಟಿಯಾಗಿ ಕೆಂಪಾಗಿ ಜ್ವರ ಬಂದರೆ ತಡಮಾಡದೆ ತೋರಿಸಿ. ಬಿಸಿನೀರು, ಬಿಸಿ ಊಟ, ನಿದ್ದೆ ಎಲ್ಲ ನಿಮಗೂ ಬೇಕು. ತವರಿನಲ್ಲಿ ತಾಯಿ ಇದ್ದರೆ ಸ್ವಲ್ಪ ದಿನ ಅಲ್ಲಿ ಹೋಗಿರಿ, ತಪ್ಪೇನಿಲ್ಲ.

ಕಾನೂನೂ ನಿಮ್ಮನ್ನು ತಾಯಿ ಎಂದೇ ಎಣಿಸುತ್ತದೆ. ಹೆರಿಗೆ ಸೌಲಭ್ಯದ ಕಾನೂನಿನಲ್ಲಿ ‘ಮಗು’ ಎಂದರೆ ಸತ್ತು ಹುಟ್ಟಿದ ಮಗುವೂ ಸೇರಿದೆ. ಅಂದರೆ ಗರ್ಭಪಾತಕ್ಕೆ ಕೊಡುವ 6 ವಾರದ ರಜೆಯಲ್ಲ, 26 ವಾರದ ಹೆರಿಗೆ ರಜೆಯೇ. ಇಎಸ್ಐ ಇದ್ದರೆ ಅದರಲ್ಲೂ ಇಷ್ಟು ತಿಂಗಳು ತುಂಬಿದ ಹೆರಿಗೆಗೆ ಸೌಲಭ್ಯ ಇದೆ. ಡಿಸ್ಚಾರ್ಜ್ ಚೀಟಿ ಇಟ್ಟು ಅರ್ಜಿ ಕೊಡಿ. ಸುಮ್ನೆ ಬಾಯಿಮಾತಲ್ಲಿ ಕೇಳಬೇಡಿ.

ಆರು ವಾರದ ತಪಾಸಣೆ ಆಗಿದೆಯಾ? ಆಗದಿದ್ದರೆ ಈ ವಾರವೇ ತಾಯಿ ಕಾರ್ಡ್ ಹಿಡಿದುಕೊಂಡು ಹೋಗಿ. ಮಾಸನ್ನು ಪರೀಕ್ಷೆಗೆ ಕಳಿಸಿದ್ದರಾ, ಮುಂದಿನ ಬಸಿರಿಗೆ ಯಾವ ಟೆಸ್ಟ್ ಬೇಕು, ಎಷ್ಟು ತಿಂಗಳು ಬಿಡಬೇಕು ಅಂತ ಕೇಳಿ. ‘ಬೇಗ ಇನ್ನೊಂದು ಮಾಡಿಕೋ’ ಅನ್ನುವವರ ಮಾತು ಬಿಡಿ.

ಸರಿಹೋಗುವುದಕ್ಕೆ ತಾರೀಖು ಹೇಳಲಾರೆ. ಒಂದು ದಿನ ಊಟ ಸೇರುತ್ತದೆ. ಮಾರನೇ ದಿನ ಬಸ್ಸಿನಲ್ಲಿ ಯಾರದೋ ಕೂಸು ಅತ್ತರೆ ಮತ್ತೆ ಮೊದಲಿನಿಂದ ಶುರು. ಇದು ಕಾಯಿಲೆಯಲ್ಲ. ಆದರೆ ವಾರಗಟ್ಟಲೆ ನಿದ್ದೆಯೇ ಬರದಿದ್ದರೆ, ಏಳಲೂ ಮನಸ್ಸಾಗದಿದ್ದರೆ, ವೈದ್ಯರಿಗೆ ಅದನ್ನೂ ಹೇಳಿ. ಬದುಕೇ ಬೇಡ ಅನ್ನಿಸಿದರೆ ಆ ಕ್ಷಣವೇ ಮನೆಯವರೊಬ್ಬರಿಗೆ ಹೇಳಿ, ಒಬ್ಬರೇ ಇರಬೇಡಿ. ಟೆಲಿ-ಮನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಕುಲಾವಿ ಯಾರಿಗೂ ಕೊಡಬೇಡಿ. ಟ್ರಂಕಿನಲ್ಲಿ ಇಟ್ಟುಕೊಳ್ಳಿ. ಕೂಸಿಗೆ ಹೆಸರು ಯೋಚಿಸಿದ್ದರೆ ಆ ಹೆಸರಿಂದಲೇ ಕರೆಯಿರಿ.

ಇನ್ನು ನಿಮ್ಮ ಯಜಮಾನರು. ಅವರಿಗೆ ದುಃಖವಿಲ್ಲ ಅಂದುಕೊಂಡಿದ್ದೀರೇನೋ. ಮಗಳನ್ನು ಎತ್ತಿಕೊಂಡು ಹೋಗಿದ್ದು ಅವರೇ ಅಲ್ವಾ? ಆ ಕೈಗಳು ಹೊಲದಲ್ಲಿ ಕೆಲಸ ಹುಡುಕಿಕೊಂಡಿವೆ. ಒಂದು ರಾತ್ರಿ ಊಟ ಆದಮೇಲೆ ಪಕ್ಕದಲ್ಲಿ ಕೂತು ಕೇಳಿ: ‘ಅವಳ ಮುಖ ಹೇಗಿತ್ತು? ಕೂದಲು ಇತ್ತಾ? ಎಲ್ಲಿ ಮಲಗಿಸಿ ಬಂದ್ರಿ?’ ತಕ್ಷಣ ಉತ್ತರ ಬರದಿರಬಹುದು. ಇನ್ನೊಂದು ದಿನ ಮತ್ತೆ ಕೇಳಿ. ಆ ಜಾಗಕ್ಕೆ ನಿಮ್ಮನ್ನು ಕರೆದುಕೊಂಡು ಹೋಗಲು ಹೇಳಿ.